ಅತ್ತೆ ತಿರುಗಿಸ್ತಿದ್ದ ಚರಕ

ರೇಷ್ಮೆ ಗೂಡು ಬೇಯೋ ವಾಸನೆ ಗೊತ್ತಿಲ್ಲದವರಿಗೆ ಅದು ಬರೀ ನಾತ. ಹೋದ ವಾರ ಶ್ರೀನಿವಾಸಪುರದ ಹಿಂದಿನ ಬೀದೀಲಿ ಎಲ್ಲಿಂದಲೋ ಆ ವಾಸನೆ ಬಂತು ನೋಡಿ, ನನ್ನ ಕಾಲು ತಾನಾಗೇ ನಿಂತೋಯ್ತು. ಬಿಸಿನೀರಿನ ಹಬೆ, ಹಸಿ ಸೌದೆ ಹೊಗೆ, ಬೆಂದ ಹುಳದ ಮೀನಿನಂಥ ಕಮಟು. ನಾನು ಚಿಕ್ಕವನಾಗಿದ್ದಾಗ ದಿನಾ ಬೆಳಗ್ಗೆ ಕಣ್ಣು ಬಿಡೋದ್ರೊಳಗೆ ಇದು ಹಿತ್ತಲ ಶೆಡ್ಡಿಂದ ಬಂದು ನಮ್ಮ ಕಂಬಳಿ ಒಳಗೆ ಸೇರ್ಕೊಂಡಿರ್ತಿತ್ತು. ತಟ್ಟೇಲಿದ್ದ ಮುದ್ದೆ ಅದರಿಂದಾನೇ ಬರ್ತಿದ್ದಿದ್ದು. ಯಾರೂ ಮೂಗು ಮುಚ್ಕೊಳ್ತಿರಲಿಲ್ಲ.

ಆಗೆಲ್ಲ ಗೂಡಿಂದ ನೂಲು ಬಿಚ್ಚೋ ಚರಕ ಅಂದ್ರೆ ಇಬ್ಬರ ಕೆಲಸ. ಅಮ್ಮ ಬಿಸಿನೀರಿನ ಬಾನಿ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಹುಡುಕಿ ಎತ್ತಿ ಕೊಡ್ತಿದ್ಲು. ಎದುರಿಗೆ ನಾಲ್ಕು ಮಾರು ದೂರದಲ್ಲಿ ಮುನಿಯಮ್ಮತ್ತೆ ಕೂತು ರಾಟೆ ತಿರುಗಿಸ್ತಿದ್ಲು. ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ಗಂಡ ತೀರ್ಕೊಂಡ ಮೇಲೆ ತಾಯಲೂರಿಂದ ಒಂದು ತಗಡಿನ ಪೆಟ್ಟಿಗೆ ಹಿಡ್ಕೊಂಡು ನಮ್ಮನೆಗೆ ಬಂದವಳು. ಅಮ್ಮ ಅವಳನ್ನ ತೆಲುಗಲ್ಲಿ ‘ವದಿನಾ’, ಅಂದ್ರೆ ಅತ್ತಿಗೆ, ಅಂತ ಕರೀತಿದ್ಲು. ಎಳೆ ಕಿತ್ತುಹೋದ್ರೆ ‘ಆಪು ವದಿನಾ’ ಅನ್ನೋಳು, ಅಂದ್ರೆ ನಿಲ್ಲಿಸು ಅಂತ. ರಾಟೆ ನಿಲ್ಲೋದು. ಎಳೆ ಸೇರಿಸಿ ‘ಊಂ’ ಅಂದ್ರೆ ಮತ್ತೆ ತಿರುಗೋದು. ಮಧ್ಯೆ ಊರ ಸುದ್ದಿ ಎಲ್ಲಾ ಆ ನೂಲಿನ ಜೊತೆಗೇ ಓಡಾಡ್ತಿತ್ತು. ಅತ್ತೆ ಏನೋ ಹೇಳಿ, ಅಮ್ಮ ನಗು ತಡೀಲಾರದೆ ಬಾನಿಯಿಂದ ಕೈ ಎತ್ತಿ ಹಿಡ್ಕೊಂಡು ಕೂತಿರೋದು ಈಗಲೂ ಕಣ್ಣ ಮುಂದೆ ಬರುತ್ತೆ.

ಎಂಬತ್ತನೇ ಇಸವಿ ಸುಮಾರಿಗೆ ನಾಯ್ನ, ಅಂದ್ರೆ ನಮ್ಮಪ್ಪ, ರಾಟೆಗೊಂದು ಮೋಟ್ರು ತಂದು ಕೂರಿಸಿದ್ರು. ಅದಕ್ಕೆ ಕುಂಕುಮ ಹಚ್ಚಿ, ಹೂವ ಮುಡಿಸಿ, ಬೀದಿಯವರಿಗೆಲ್ಲ ಬೆಲ್ಲ ಹಂಚಿದ್ವಿ. ಅತ್ತೆ ಎಲ್ಲರಿಗಿಂತ ಮುಂದೆ ನಿಂತು ಕೈ ಮುಗಿದ್ಲು. ರಾತ್ರಿ ಉಣ್ಣೋವಾಗ ಮಾತ್ರ ಒಂದೇ ಮುದ್ದೆಗೆ ಕೈ ತೊಳ್ಕೊಂಡ್ಲು.

“ನಾನು ತಾಯಲೂರಿಗೆ ಹೋಗ್ತೀನಿ ಕಣೋ. ಮೈದುನನ ಮನೇಲಿ ಕಳೆ ಕೀಳೋ ಕೆಲಸ ಆದ್ರೂ ಇರ್ತದೆ,” ಅಂದ್ಲು.

“ನಿನ್ನ ಯಾರಾದ್ರೂ ಹೋಗು ಅಂದ್ರಾ?” ಅಂದ್ರು ನಾಯ್ನ.

“ಯಾರೂ ಅನ್ನಲಿಲ್ಲ. ಕೈಗೆ ಕೆಲಸ ಇಲ್ಲದ ಮೇಲೆ ತಮ್ಮನ ಮನೆ ಅನ್ನ ಗಂಟಲಲ್ಲಿ ಇಳಿಯಲ್ಲ ಕಣಪ್ಪ.”

ನಾಯ್ನ ಎಷ್ಟು ಹೇಳಿದ್ರೂ ಕೇಳಲಿಲ್ಲ. ಅಮ್ಮ ಪಾತ್ರೆ ಎತ್ಕೊಂಡು ಒಳಗೆ ಹೋದ್ಲು.

ಮಾರನೇ ದಿನ ಅತ್ತೆ ಒಳಗೆ ಪೆಟ್ಟಿಗೆಗೆ ಸೀರೆ ಜೋಡಿಸ್ತಿದ್ಲು. ಶೆಡ್ಡಲ್ಲಿ ಮೋಟ್ರು ಗುಂಯ್ ಅಂತಿತ್ತು. ಎಳೆ ಕಿತ್ತೋಯ್ತು. ಅಮ್ಮ ವಾಡಿಕೆ ಮೇಲೆ ‘ಆಪು ವದಿನಾ!’ ಅಂತ ಕೂಗಿದ್ಲು. ಮೋಟ್ರು ಕೇಳುತ್ತಾ? ನೂಲೆಲ್ಲ ರಾಟೆಗೆ ಗೋಜಲಾಗಿ ಸುತ್ಕೊಳ್ತು. ಅತ್ತೆ ಕೈಲಿದ್ದ ಸೀರೆ ಹಾಗೇ ಹಿಡ್ಕೊಂಡು ಓಡಿಬಂದು ಸ್ವಿಚ್ಚು ಆರಿಸಿದ್ಲು. “ಲೇ, ಅದಕ್ಕೂ ನಾನೇ ವದಿನಾನೇನೇ?” ಅಂತ ಬೈದ್ಲು. ಇಬ್ಬರಿಗೂ ನಗು ತಡೆಯೋಕಾಗಲಿಲ್ಲ. ಮಧ್ಯಾಹ್ನ ಮತ್ತೆ ಅದೇ ಕೂಗು, ಮತ್ತೆ ಅತ್ತೆ ಓಡಿಬಂದ್ಲು. ಸಾಯಂಕಾಲ ಆಗೋದ್ರೊಳಗೆ ಅತ್ತೆ ಸ್ವಿಚ್ಚಿನ ಪಕ್ಕ ಮಣೆ ಹಾಕ್ಕೊಂಡು ಕೂತಿದ್ಲು.

“ಒಬ್ಬರ ದುಡಿಮೆ ಉಳೀಲಿ ಅಂತ ಮೋಟ್ರು ತಂದ್ರೆ, ಈಗ ಅದಕ್ಕೊಬ್ಬರು ಕಾವಲು!” ಅಂತ ನಾಯ್ನ ರೇಗಿಸಿದ್ರು.

“ನಿಮ್ಮ ಮೋಟ್ರಿಗೆ ಕಿವಿ ಇಡಿಸ್ಕೊಂಡು ಬನ್ನಿ, ಆಮೇಲೆ ಮಾತಾಡಿ,” ಅಂದ್ಲು ಅಮ್ಮ.

ಅತ್ತೆ ತಾಯಲೂರಿಗೆ ಹೋಗಲಿಲ್ಲ. ಆ ಸ್ವಿಚ್ಚು ಅಮ್ಮ ಕೂತಲ್ಲಿಂದ ಕೈ ಚಾಚಿದ್ರೆ ಸಿಗೋ ಅಷ್ಟು ಹತ್ತಿರದ ಗೋಡೇಲಿತ್ತು ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ವರ್ಷ ಆದ ಮೇಲೆ.

ಆಮೇಲೆ ನಾಯ್ನ ಗೂಡನ್ನ ಹೊರಗಡೆ ದೊಡ್ಡ ಮಿಲ್ಲಿಗೆ ನೂಲು ಬಿಚ್ಚೋಕೆ ಕೊಡೋಕೆ ಶುರು ಮಾಡಿದ್ರು. ಅಲ್ಲಿ ಬೇಗ ಆಗೋದು, ಖರ್ಚೂ ಕಮ್ಮಿ. ಮೋಟ್ರು ನಿಂತೋಯ್ತು, ಅಮ್ಮನ ಕೆಲಸಾನೂ ಹೋಯ್ತು. ಅತ್ತೆ ಮಾತ್ರ ಈ ಸಲ ಹೊರಡೋ ಮಾತೇ ಎತ್ತಲಿಲ್ಲ. “ಬಾರೇ, ಈಗ ನಾವಿಬ್ಬರೂ ಒಂದೇ,” ಅಂತ ಅಮ್ಮನ್ನ ಜಗಲಿ ಮೇಲೆ ಕೂರಿಸ್ಕೊಂಡು ಅವರೆಕಾಯಿ ಸುಲೀತಾ ಸುದ್ದಿ ಮುಂದುವರಿಸಿದ್ಲು.

ಈಗ ನರಸಾಪುರದ ಕಡೆ ಹೋದಾಗ ಕಂಪನಿ ಬಸ್ಸಿಗೆ ಕಾಯೋ ಹುಡುಗರನ್ನ ನೋಡ್ತೀನಿ. ಎಲ್ಲಾ ಗುತ್ತಿಗೆ ಕೆಲಸ. ಹೊಸ ಮೆಷಿನ್ ಬಂದ್ರೆ ‘ನಾಳೆಯಿಂದ ಬರಬೇಡ’ ಅಂತ ಫೋನಿಗೊಂದು ಮೆಸೇಜು. ಮೆಷಿನ್ ಬರಲಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ಆ ಮೆಸೇಜು ಬಂದ ದಿನ ಅಮ್ಮ ಅತ್ತೇನ ಕೂಗಿದ ಹಾಗೆ ಅವರನ್ನ ಮನೇಲಿ ಯಾರಾದ್ರೂ ಕೂಗಿ ಕರೀತಾರೋ ಇಲ್ವೋ ಅಂತ ಅನ್ನಿಸುತ್ತೆ. ನಿಮಗೂ ಅನ್ನಿಸಿರಬೇಕು.

ಅತ್ತೆ ತೀರ್ಕೊಂಡಾಗ ತಾಯಲೂರಿನವರು ಬಂದು, “ನಮ್ಮೂರ ಸೊಸೆ, ಅಲ್ಲೇ ಮಣ್ಣು ಮಾಡ್ತೀವಿ,” ಅಂದ್ರು. ಗಂಡಸರೆಲ್ಲ ಹೂಂ ಅಂತ ತಲೆ ಆಡಿಸಿದ್ರು. ಅಮ್ಮ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ್ಲು. “ಇದು ಅವಳ ಮನೆ,” ಅಂದ್ಲು. ಅಷ್ಟೇ. ನಮ್ಮ ಮಾವಿನ ತೋಪಿನ ಬದಿಯಲ್ಲಿ ಅತ್ತೇನ ಮಲಗಿಸಿದ್ವಿ. ಮುಂದೆ ಅವಳ ಪಕ್ಕದಲ್ಲೇ ಅಮ್ಮನ್ನೂ.