ತುಳಜಾಬಾಯಿ ಓದುವ ಬೂದಿ

ಹುಮನಾಬಾದಿನ ಗಾಣಿಗರ ಗಲ್ಲಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ತುಳಜಾಬಾಯಿ ಮೊಣಕಾಲೂರಿ ಕುಳಿತಿರುತ್ತಾಳೆ. ಸಂಜೆ ತಾನೇ ನೆಲಕ್ಕೆ ಹರಡಿದ ಬೂದಿಯ ಮೇಲೆ ಅವಳ ಕಣ್ಣು. ಬೆಕ್ಕಿನ ಹೆಜ್ಜೆ, ಆಡಿನ ಗೊರಸು, ಕಾವಲಿನ ನಾಲ್ವರ ಪಾದ. ಹೊರಗಿನವರದು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಪೊರಕೆ ಎತ್ತುತ್ತಾಳೆ.

ನಲವತ್ತೆಂಟರ ಗಲಾಟೆ ಕಳೆದು ವರ್ಷವಾಗುತ್ತ ಬಂತು. ನಿಜಾಮನ ಹಳೆಯ ಸರ್ಕಾರ ಹೋಯಿತು, ಹೊಸದು ಗಲ್ಲಿಯವರೆಗೆ ಬರುವಷ್ಟರಲ್ಲಿ ಕಳ್ಳರಿಗೆ ಸುಗ್ಗಿಯಾಯಿತು. ಆಗ ಗಿರಣಿಯ ಮಹಾರುದ್ರಪ್ಪ ಇಪ್ಪತ್ತೆರಡು ಮನೆಯವರನ್ನು ಕೂಡಿಸಿದ. ಪಾಳಿಯಂತೆ ನಾಲ್ವರು ಕಾವಲು, ಪ್ರತಿ ಮನೆಯಿಂದ ಒಂದು ಮೊರ ಒಲೆಬೂದಿ. ಅದನ್ನು ಸೋಸಿ ಗಲ್ಲಿಯ ಎರಡು ತುದಿಗೂ ಹೊಸ್ತಿಲುಗಳ ಮುಂದೂ ಹರಡಿ, ಬೆಳಿಗ್ಗೆ ಓದುವ ಕೆಲಸ ಕಸ ಗುಡಿಸುವ ತುಳಜಾಬಾಯಿಗೆ ಬಂತು. ಸಂಬಳವೆಂದರೆ ಮನೆಗೊಂದು ರೊಟ್ಟಿ, ಅದೂ ನೆನಪಾದರೆ.

"ಮೂವತ್ತ ವರ್ಷ ಈ ಗಲ್ಲಿ ಗುಡಿಸೀನ್ರಿ. ಮಂದಿ ಮಾರಿ ನೋಡಿದ್ದು ಕಡಿಮಿ, ಕಾಲ ನೋಡಿದ್ದ ಜಾಸ್ತಿ," ಎನ್ನುತ್ತಾಳೆ.

ಆ ವಿದ್ಯೆಯೇ ಅವಳಿಗೆ ಕೈಕೊಟ್ಟಿತು. ಒಂದು ಶುಕ್ರವಾರ ಗಲ್ಲಿಯ ಜಿಜಾಬಾಯಿಯ ತಾಮ್ರದ ಹಂಡೆ ಕಳುವಾಯಿತು. ಕಾವಲಿನ ನಾಲ್ವರೂ ತೂಕಡಿಸಿದ್ದರೆಂದು ಕಾಣುತ್ತದೆ. ಬೂದಿಯಲ್ಲಿ ಚಪ್ಪಲಿಯ ಗುರುತು ಮೂಡಿತ್ತು. ಹಿಮ್ಮಡಿಗೆ ಅಡ್ಡ ತೇಪೆ, ಮೂರು ಮೊಳೆ. ಅದು ಇದೇ ಗಲ್ಲಿಯ ಹತ್ತಿ ಹಿಂಜುವ ವಜೀರನದೆಂದು ತುಳಜಾಬಾಯಿ ಹಿಂದುಮುಂದು ನೋಡದೆ ಅಂದುಬಿಟ್ಟಳು.

ಹಿಂದಿನ ದಿನ ಮಾಣಿಕನಗರದ ಮಠದ ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿ ಕಾಣೆಯಾಯಿತು, ಬರಿಗಾಲಲ್ಲಿ ಬಂದೆ ಎಂದು ವಜೀರ್ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲ ಅಂಥದ್ದು, ಮುಸಲ್ಮಾನನ ಹೆಸರು ಕೇಳಿದರೆ ಸಾಕಿತ್ತು. ಚಾವಡಿಯ ಕಂಬಕ್ಕೆ ಕಟ್ಟಿದರು. ಹೆಂಡತಿ ಗೌಹರ ಸೆರಗೊಡ್ಡಿ ಬೇಡಿದರೂ ಬಿಡಲಿಲ್ಲ.

ಮರುದಿನ ನಸುಕಿನಲ್ಲಿ ಇನ್ನೊಂದು ಮನೆಯ ಮುಂದೆ, ಹೊಸ ಬೂದಿಯಲ್ಲಿ ಅದೇ ತೇಪೆ, ಅದೇ ಮೂರು ಮೊಳೆ. ವಜೀರ್ ಇನ್ನೂ ಕಂಬದಲ್ಲೇ ಇದ್ದ. ತುಳಜಾಬಾಯಿ ಬಗ್ಗಿ ಮೊಳೆಗಳನ್ನು ಮತ್ತೊಮ್ಮೆ ಎಣಿಸಿದಳು. ಪೊರಕೆ ಕೈಯಲ್ಲೇ ಇತ್ತು. ಒಮ್ಮೆ ಎಳೆದಿದ್ದರೆ ತಪ್ಪು ಅವಳ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಎಳೆಯಲಿಲ್ಲ. ಗುರುತಿಗೆ ಬುಟ್ಟಿ ಮುಚ್ಚಿ ಇಡೀ ಗಲ್ಲಿಯನ್ನು ಎಬ್ಬಿಸಿದಳು, ತಾನೇ ಹೋಗಿ ಹಗ್ಗ ಬಿಚ್ಚಿದಳು. ಅವನ ಮಣಿಕಟ್ಟಿನ ಚರ್ಮ ಕಿತ್ತುಬಂದಿತ್ತು. ಅವನು ಒಂದು ಮಾತೂ ಬೈಯಲಿಲ್ಲ, ಅದೇ ಅವಳಿಗೆ ಇಂದಿಗೂ ನುಂಗಲಾರದ ತುತ್ತು. ವಾರದೊಳಗೆ ಕಲ್ಯಾಣದ ದಾರಿಯಲ್ಲಿ ಕಳ್ಳ ಹಂಡೆಯ ಸಮೇತ ಸಿಕ್ಕ. ಕಾಲಲ್ಲಿ ವಜೀರನ ಚಪ್ಪಲಿ.

ಈಗ ಅವಳು ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಕಂಡರೆ ಬುಟ್ಟಿ ಮುಚ್ಚಿ, ನೋಡಲು ಗಲ್ಲಿಯ ಐವರನ್ನು ಕರೆಯುತ್ತಾಳೆ, ಅಷ್ಟೆ.

"ಬೂದಿ ಸುಳ್ಳ ಹೇಳಿಲ್ರಿ. ಚಪ್ಪಲಿ ಯಾರದಂತ ಅದು ಹೇಳ್ತು. ಒಳಗಿನ ಕಾಲ ಯಾರದಂತ ನಾ ಹೇಳಿದೆ."

ಸಂಜೆ ಇಪ್ಪತ್ತೆರಡು ಬಾಗಿಲಿಗೂ ಹೋಗುತ್ತಾಳೆ, ಇಪ್ಪತ್ತೊಂದರಲ್ಲಿ ಬೂದಿ ಸಿಗುತ್ತದೆ. ವಜೀರನ ಬಾಗಿಲು ಮುಚ್ಚಿರುತ್ತದೆ. ಆದರೂ ಮೊದಲ ಹಿಡಿ ಹರಡುವುದು ಅವನ ಹೊಸ್ತಿಲ ಮುಂದೆಯೇ. ನಿನಗೇನು ಬೇಕು ಎಂದು ಕೇಳಿದರೆ ಆ ಬಾಗಿಲ ಕಡೆ ತಿರುಗುತ್ತಾಳೆ.

"ಏನೂ ಬ್ಯಾಡ್ರಿ. ಗೌಹರ ಒಂದಿನ ಬಾಗಲಾ ತಗದು ಒಂದ್ ಹಿಡಿ ಬೂದಿ ಕೊಡ್ಲಿ. ಮೊರದಾಗ ಹಾಕಾಕ ಮನಸಾಗಲಿಲ್ಲಂದ್ರ, ನನ್ನ ಮಾರಿ ಮ್ಯಾಲ ಒಗದ್ರೂ ಆತು."