ಸಾಹುಕಾರರು ಕಟ್ಟಿಸಿದ ತಡಮೆ

"ಏ ಅಜ್ಜ, ಬೇಲಿ ಮುಟ್ಟಬೇಡ!" ಎಂದು ಎಸ್ಟೇಟ್ ಸಾಹುಕಾರರು ಕೂಗಿದ ಕೂಗಿಗೆ ನಾನು ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಮೊಮ್ಮಗಳು ಗೌರಿ ನನ್ನ ಪಂಚೆ ಹಿಡಿದು ನಿಂತಳು. ಅವಳ ಶಾಲೆಗೆ ಅವರ ಕಾಫಿ ತೋಟದೊಳಗಿನ ಕಾಲುದಾರಿಯೇ ಹತ್ತಿರ. ಸೋಮವಾರಪೇಟೆ ರಸ್ತೆ ಸುತ್ತಿ ಹೋದರೆ ಮೂರು ಮೈಲಿ, ಆರು ವರ್ಷದ ಮಗು ಹೇಗೆ ನಡೆದೀತು? ಹಿಂದಿನ ವಾರ ಬೇಲಿಬಾಯಿಗೆ ಅಡ್ಡ ಹಾಕಿದ್ದ ಉಣುಗೋಲಿನ ಗಳ ಸರಿಸಿ ದಾಟಿದ ನಾನು ವಾಪಸ್ ಇಡೋದು ಮರೆತಿದ್ದೆ. ದನ ನುಗ್ಗಿ ಎಳೇ ಕಾಫಿ ಸಸಿಗಳನ್ನೆಲ್ಲ ತುಳಿದುಹಾಕಿದ್ದವು. ಮಾರನೇ ದಿನವೇ ಅಲ್ಲಿ ಮುಳ್ಳುಬೇಲಿ ಬಿತ್ತು, ಗೌರಿಯ ಶಾಲೆ ನಿಂತಿತು.

"ತಪ್ಪು ನಂದು ಸಾಹುಕಾರ್ರೇ. ನನ್ನ ಬೇಕಾದ್ರೆ ಬಿಡಬೇಡಿ, ಈ ಮಗೂನ ಬಿಡಿ" ಎಂದು ಕೈಮುಗಿದೆ.

"ದಾರಿ ಬಿಡಿಸೋಕೆ ಮಡಿಕೇರಿಗೆ ಹೋಗಿ ಸರ್ಕಾರಕ್ಕೇ ಅರ್ಜಿ ಹಾಕ್ತೀನಿ ಅಂತಿದ್ದೆಯಂತೆ? ಅಲ್ಲಿ ಮುಳ್ಳು ಚುಚ್ಚುತ್ತೆ, ಈ ಕಡೆ ಬಾ ಮಾರಾಯ!" ಎಂದು ನಗುತ್ತಾ ಕರೆದರು. ಹೋಗಿ ನೋಡಿದರೆ, ಬೇಲಿಯ ಎರಡೂ ಬದಿಗೆ ಮೆಟ್ಟಿಲಿಟ್ಟ ಹೊಸಾ ತಡಮೆ! "ನಿನ್ನ ಮರೆವಿಗೆ ಮದ್ದಿಲ್ಲ. ಇದನ್ನ ತೆಗೆಯೋದೂ ಬೇಡ, ಮುಚ್ಚೋದೂ ಬೇಡ. ಜನ ಹತ್ತಿ ಇಳೀತಾರೆ, ದನ ಹತ್ತಲ್ಲ. ದಾರಿ ಬಿಟ್ಟು ಗಿಡದ ಕಡೆ ಮಾತ್ರ ಹೋಗಬಾರದು, ತಿಳೀತಾ?"

ನಾನು ಹೂಂ ಅನ್ನುವಷ್ಟರಲ್ಲಿ ಗೌರಿ ಆಚೆ ಇಳಿದು ಶಾಲೆ ಕಡೆ ಓಡಿಯಾಗಿತ್ತು! ಮಂಡಿನೋವೂ ಮರೆತು ನಾನೂ ಹತ್ತಿ ಇಳಿದೆ.

ಈಗ ಆ ಬೇಲಿ ಹತ್ತಿರ ಯಾರ ದನ ಸುಳಿದರೂ ನಾನೇ ಅಟ್ಟುತ್ತೇನೆ. ತೋಟ ಅವರದ್ದೇ, ಆದರೆ ಕಾಯುವಾಗ ನನ್ನದೇ ಅನ್ನಿಸಿ ಎದೆ ಉಬ್ಬುತ್ತದೆ.