ಉದುರದೆ ನಿಂತ ತೊಗರಿ ಹೂವು

ನಿಮ್ಮ ಮನೆಯಲ್ಲಿ ಟೀ ಚಮಚ ಇದೆಯೇ? ಅದರಿಂದ ಬೆಳೆಗೆ ಔಷಧಿ ಅಳೆಯಬೇಡಿ. ನಾನು ಅಳೆದೆ.

ಉದಗೀರದ ಕಾಲೇಜೊಂದರ ಲ್ಯಾಬಿನಲ್ಲಿ ಬಾಟಲಿ ತೊಳೆಯುವುದು ನನ್ನ ಕೆಲಸ. ಅಲ್ಲಿ ಸಸ್ಯಶಾಸ್ತ್ರದ ಮೇಡಂ ಒಂದು ಪ್ರಯೋಗ ಮಾಡಿದ್ದರು. ಹೂವನ್ನು ಬಾಡಿಸಿ ಉದುರಿಸುವ ಎಥಿಲೀನ್ ಎಂಬ ಅನಿಲ ಗಿಡದೊಳಗೇ ಹುಟ್ಟುತ್ತದಂತೆ. ಅದನ್ನು ತಡೆಯುವ ಪುಡಿ ಬೆರೆಸಿದ ನೀರಿನಲ್ಲಿ ಹೂವು ವಾರವಾದರೂ ತಾಜಾ ಇತ್ತು. ನನಗೆ ತಕ್ಷಣ ವೈನಿಯ ತೊಗರಿ ನೆನಪಾಯಿತು. (ಇದೇ ನನ್ನ ರೋಗ. ಅರ್ಧ ತಿಳಿದರೆ ಸಾಕು, ಊರಿಗೆಲ್ಲ ಡಾಕ್ಟರ್!)

ಸಾಸ್ತೂರಿನಲ್ಲಿರುವ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಬೀಜಕ್ಕೆಂದೇ ನಾಲ್ಕು ಸಾಲು ತೊಗರಿ ಬೆಳೆಯುತ್ತಾರೆ. ಅಂಗಡಿಯ ಬೀಜವಲ್ಲ. ತೊಂಬತ್ಮೂರರ ಭೂಕಂಪದಲ್ಲಿ ಬಿದ್ದ ಮನೆಯ ಕಲ್ಲು ಸರಿಸಿ ಅವ್ವ ಹೊರತೆಗೆದ ಗಡಿಗೆಯ ಬೀಜ. ಪ್ರತಿ ವರ್ಷ ಒಂದು ಮುಷ್ಟಿಯನ್ನು ಭಂಡಾರದ ಅರಿಶಿನ ಹಚ್ಚಿ ಮನೆದೇವರು ಬೀರಪ್ಪನ ಮುಂದೆ ಕಟ್ಟಿಟ್ಟು, ಉಳಿದದ್ದನ್ನು ಬಿತ್ತುತ್ತಾರೆ.

"ಹೂ ಭಾಳ ಉದುರ್ಲತ್ತಾವ, ತಮ್ಮಾ" ಎಂದಿದ್ದರು ವೈನಿ.

"ಚಿಂತಿ ಮಾಡಬ್ಯಾಡ್ರಿ, ನಾ ಇದ್ದೀನಿ!"

ಮಿಕ್ಕ ಪುಡಿಯನ್ನು ಮೇಡಂಗೆ ಹೇಳದೆ ಒಯ್ದೆ. ಇರಲಿ ಎಂದು ಎರಡು ಚಮಚ ಜಾಸ್ತಿಯೇ ಕಲಸಿ ನಾಲ್ಕೂ ಸಾಲಿಗೆ ಹೊಡೆದೆ. ಹೂವು ನಿಂತವು. ವೈನಿ ಖುಷಿಯಿಂದ ಎರಡು ಸಲ ಚಹಾ ಕೊಟ್ಟರು.

ಆಮೇಲೆ ಕುಡಿ ಬೆಳೆಯುವುದೂ ನಿಂತಿತು. ಕಾಯಿ ಚಪ್ಪಟೆಯಾಗಿಯೇ ಉಳಿದವು. ಹೆದರಿ ಮೇಡಂ ಎದುರು ಒಪ್ಪಿಕೊಂಡೆ.

"ಅದು ಎಥಿಲೀನ್ ಒಂದನ್ನೇ ತಡೀತದ ಅಂತ ಯಾರು ಹೇಳ್ಯಾರ್ರೀ? ಡೋಸ್ ಹೆಚ್ಚಾದ್ರ ಗಿಡ ಪ್ರೋಟೀನ್ ಮಾಡೋದಕ್ಕೂ ಅಡ್ಡ ಬರ್ತದ. ಕಾಳು ಮತ್ತ ಎದರಿಂದ ತುಂಬಬೇಕು? ಆ ಕಾಯಿ ಯಾರೂ ತಿನ್ನಬ್ಯಾಡ್ರಿ!"

ಯಾರಾದರೂ ಆಗಲೇ ತಿಂದಿದ್ದರೆ? ಸಿಕ್ಕ ಬಸ್ಸು ಹತ್ತಿ ಸಾಸ್ತೂರಿಗೆ ಓಡಿದೆ.

ಪುಣ್ಯಕ್ಕೆ ಯಾರೂ ತಿಂದಿರಲಿಲ್ಲ. ವೈನಿ ಒಂದು ಕಾಯಿ ಬಿಡಿಸಿದರು. ಖಾಲಿ. ಇನ್ನೊಂದು ಬಿಡಿಸಿದರು. ಅದೂ ಖಾಲಿ.

"ಕುರಿಗಾದ್ರೂ ಹಾಕ್ಲೇನು?"

"ಬ್ಯಾಡ್ರಿ!" ಎಂದು ಕಿರುಚಿಬಿಟ್ಟೆ.

ವೈನಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಬೀರಪ್ಪನ ಮುಂದಿನ ಗಂಟು ತಂದು ಬಿಚ್ಚಿ, ಅರ್ಧ ಕಾಳನ್ನು ನನ್ನ ಕೈಗೆ ಹಾಕಿದರು.

"ಇಷ್ಟೇ ಉಳದಾವ. ಅರ್ಧಾ ನಿಮ್ಮ ಮನ್ಯಾಗ ಇಡು. ಮತ್ತ ಭೂಮಿ ನಡುಗಿದ್ರ ಎರಡು ಕಡೆ ಇರಲಿ."

ಈಗ ಅದು ನನ್ನ ಟ್ರಂಕಿನಲ್ಲಿದೆ. ಮುಟ್ಟಲೂ ಭಯ. ಭೂಕಂಪದಿಂದ ಅವ್ವ ಉಳಿಸಿದ ಬೀಜವನ್ನು ನನ್ನಿಂದ ಉಳಿಸುವವರು ಯಾರು?